ಬೆಳಿಗ್ಗೆಯ ಪರೀಕ್ಷೆ ಮಧ್ಯಾಹ್ನಕ್ಕೆ ಸಾಲದು
ಟೆಕ್ಸಾಸ್‌ನಲ್ಲಿ ನಡೆದ ದೊಡ್ಡ ಪೇಂಟ್‌ಬಾಲ್ (ಬಣ್ಣದ ಗುಂಡು ಹೊಡೆದಾಡುವ) ಆಟದಲ್ಲಿ ಮಧ್ಯಾಹ್ನದ ಹೊತ್ತಿಗೆ ಏಟು ವಿಪರೀತ ನೋಯತೊಡಗಿತು, ರೆಫರಿಗೆ ಹೇಳಿದರೆ ‘ಬೆಳಿಗ್ಗೆಯೇ ಎಲ್ಲರ ಮಾರ್ಕರ್ (ಗುಂಡು ಹಾರಿಸುವ ಬಂದೂಕು) ಪರೀಕ್ಷಿಸಿದ್ದೇವೆ’ ಎಂದುಬಿಟ್ಟರು, ನನ್ನ ದೂರು ಅತಿಯಾಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಗುಂಡನ್ನು ತಳ್ಳುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಿಸಿಲಿಗೆ ಕಾದಂತೆ ಒಳಗಿನ ಒತ್ತಡ ಏರುತ್ತದೆ, ಗುಂಡಿನ ವೇಗವೂ ಏರುತ್ತದೆ. ತಂಪು ಹೊತ್ತಿನಲ್ಲಿ ಸೆಕೆಂಡಿಗೆ 280 ಅಡಿ ತೋರಿಸಿದ ಮಾರ್ಕರ್ ಎರಡು ಗಂಟೆಯ ಬಿಸಿಲಿಗೆ 300ರ ಮಿತಿ ದಾಟಿದರೆ ಆಶ್ಚರ್ಯವಿಲ್ಲ. ಪರೀಕ್ಷೆ ಮುಗಿದ ಮೇಲೆ ಸ್ಕ್ರೂ ತಿರುಗಿಸಿ ವೇಗ ಏರಿಸಿಕೊಳ್ಳುವ ಮಹಾನುಭಾವರೂ ಇದ್ದಾರೆ.

ನನಗೆ ಏಟಿಗಿಂತ ಹೆಚ್ಚು ಭಯ ಮಾಸ್ಕ್ ತೆಗೆಯುವ ಜಾಗದ್ದು. ಇಂಥದ್ದೇ ಒಂದು ಆಟದ ಊಟದ ವಿರಾಮದಲ್ಲಿ, ಮಾಸ್ಕ್ ಎತ್ತಿ ಬೆವರು ಒರೆಸುತ್ತಿದ್ದವನ ಕಿವಿಯಿಂದ ಗೇಣು ದೂರದಲ್ಲಿ ಗುಂಡೊಂದು ಮರಕ್ಕೆ ಬಡಿದು ಹಳದಿ ಬಣ್ಣ ಇಳಿಯಿತು. ಯಾರೋ ನಳಿಗೆಗೆ ಮುಸುಕು ಹಾಕಿರಲಿಲ್ಲ. ರೆಫರಿ ರೇಡಿಯೊದಲ್ಲಿ ಅಂಕಗಳ ಲೆಕ್ಕ ಒಪ್ಪಿಸುತ್ತಿದ್ದ. ನಾನು ಆಗಲೇ ಹೊರಟುಬಂದೆ. ದುಡ್ಡು ಮರಳಿ ಬರಲಿಲ್ಲ, ಅದು ಬೇರೆ ಮಾತು.

ಮುಂದಿನ ಸಲ ಹಣ ಕಟ್ಟುವ ಮೊದಲೇ ಆಯೋಜಕರನ್ನು ಕೇಳಿ: ಎಷ್ಟು ಆಟಗಾರರಿಗೆ ಎಷ್ಟು ರೆಫರಿಗಳು? ಮೈದಾನದೊಳಗೇ ವೇಗ ಅಳೆಯುವ ಕೈ ಉಪಕರಣ ಅವರ ಬಳಿ ಇರುತ್ತದೆಯೇ? ಉತ್ತರ ತೇಲಿಸಿದರೆ ಹೋಗಬೇಡಿ.