ಎಂಟನೇ ತರಗತಿಗೆ ಪೇಟೆಯ ಶಾಲೆಯೇ ಬೇಕೇ?

ಪ್ರಶ್ನೆ: ಮಗಳು ನಮ್ಮೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದಾಳೆ. ಪಕ್ಕದ ಹಳ್ಳಿಯಲ್ಲಿ ಸರ್ಕಾರಿ ಪ್ರೌಢಶಾಲೆಯಿದೆ. ಭಾವನವರು ಮಾತ್ರ ಶಿವಮೊಗ್ಗದ ಇಂಗ್ಲಿಷ್ ಮಾಧ್ಯಮಕ್ಕೇ ಸೇರಿಸಿ ಎಂದು ಹಟ ಹಿಡಿದಿದ್ದಾರೆ. ಏನು ಮಾಡಲಿ, ಮೇಡಂ?
– ಒಬ್ಬ ತಾಯಿ, ತರೀಕೆರೆ ತಾಲ್ಲೂಕು

ಉತ್ತರ: ಶುಲ್ಕ ಕಟ್ಟುವವರು ಭಾವನವರೋ ನೀವೋ, ಮೊದಲು ಅದು ಇತ್ಯರ್ಥವಾಗಲಿ ತಾಯಿ! ಹಲವರಿಗೆ ತಡವಾಗಿ ತಿಳಿಯುವ ಒಂದು ವಿಷಯವಿದೆ. ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿಯಿದೆ. ಆದರೆ ಒಂದರಿಂದ ಹತ್ತನೇ ತರಗತಿಯವರೆಗೂ ಹಾಗೆಯೇ ಓದಿರಬೇಕು. ಎಂಟಕ್ಕೆ ಪೇಟೆಗೆ ಕಳುಹಿಸಿದರೆ ಎರಡೂ ಕೈತಪ್ಪುತ್ತವೆ.

ಹಾಗೆಂದು ಪಕ್ಕದ ಹಳ್ಳಿಗೂ ಕಣ್ಣು ಮುಚ್ಚಿ ಸೇರಿಸಬೇಡಿ. ಶಾಲೆ ನಡೆಯುವ ದಿನ ಹೋಗಿ. ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ ಕೇಳಿ. ಅತಿಥಿ ಶಿಕ್ಷಕರು ಕಡಿಮೆಯವರೆಂದಲ್ಲ, ಅವರು ಯಾವ ತಿಂಗಳಿಂದ ಬರುತ್ತಾರೆ ಎಂಬುದು ಮುಖ್ಯ. ಪ್ರಯೋಗಾಲಯದ ಬೀರುವಿನ ಬೀಗ ತುಕ್ಕು ಹಿಡಿದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಹಾಕಿ, ನಲ್ಲಿ ತಿರುಗಿಸಿ ನೋಡಿ, ಸಂಕೋಚ ಬೇಡ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಕೇಳುವಾಗ 625ಕ್ಕೆ 600 ತೆಗೆದವಳ ಫೋಟೊ ತೋರಿಸಿದರೆ ಸಂತೋಷಪಡಿ, ಆಮೇಲೆ ಗಣಿತದಲ್ಲಿ ಅನುತ್ತೀರ್ಣರಾದವರು ಎಷ್ಟು ಎಂದು ಕೇಳಿ.

ಪಿಯುಸಿ ವಿಜ್ಞಾನದ ಇಂಗ್ಲಿಷಿಗೆ ಹೆದರಿದ್ದರೆ, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಇಂಗ್ಲಿಷ್ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಒಂಬತ್ತನೇ ತರಗತಿಯಿಂದ ಎರಡನ್ನೂ ಜೊತೆಗಿಟ್ಟು ಓದಿಸಿ.