ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರು ಕೊಳ್ಳುವ ಮುನ್ನ ಏನೇನು ಪರೀಕ್ಷಿಸಬೇಕು?

ಹಳೆಯದಾದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹಾಗಾಗಿ ದೊಡ್ಡ ಖರ್ಚು ಎಲ್ಲಿ ಅಡಗಿದೆ ಎಂದೇ ಮೊದಲು ಹುಡುಕಿ.

ಏರ್ ಸಸ್ಪೆನ್ಷನ್ (ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಕಾರನ್ನು ಹೊರುವ ವ್ಯವಸ್ಥೆ) ಇದ್ದರೆ ಅಲ್ಲಿಂದಲೇ ಶುರು ಮಾಡಿ. ಸಮತಟ್ಟಾದ ಜಾಗದಲ್ಲಿ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಿ. ನಾಲ್ಕೂ ಕಡೆ ಚಕ್ರದ ಕೇಂದ್ರದಿಂದ ಅದರ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಅಲ್ಲಿನ ಏರ್ ಸ್ಪ್ರಿಂಗ್ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಸೋರಿದ್ದನ್ನು ತುಂಬಲು ಕಂಪ್ರೆಸರ್ ಪದೇ ಪದೇ ಓಡಿ ಕೊನೆಗೆ ಅದೂ ಸುಟ್ಟುಹೋಗಬಹುದು.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮಾರುವವರು ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಎಂಜಿನ್ ಒಳಗಿನ ಟೈಮಿಂಗ್ ಚೈನಿನ ಗಲಗಲ ಸದ್ದು, ಸೈಲೆನ್ಸರಿನ ನೀಲಿ ಹೊಗೆ ಮೊದಲ ಕೆಲವು ಸೆಕೆಂಡುಗಳಲ್ಲೇ ಕಂಡು ಮಾಯವಾಗಬಹುದು.

ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದಲು ಅಗ್ಗದ ಓಬಿಡಿ ರೀಡರ್ ಸಾಲದು, ಅದು ಹೆಚ್ಚಾಗಿ ಎಂಜಿನ್ ದೋಷಗಳನ್ನಷ್ಟೇ ಓದುತ್ತದೆ. ಗೇರ್‌ಬಾಕ್ಸ್, ಏರ್‌ಬ್ಯಾಗ್, ಸಸ್ಪೆನ್ಷನ್‌ಗಳ ಮಾಡ್ಯೂಲ್‌ಗಳನ್ನೂ (ಅವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್‌ಗಳನ್ನೂ) ಓದುವ, ಆ ಬ್ರ್ಯಾಂಡಿಗೆ ಹೊಂದುವ ಸ್ಕ್ಯಾನರ್ ಬೇಕು. ರೆಡಿನೆಸ್ ಮಾನಿಟರ್‌ಗಳು, ಅಂದರೆ ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು, ಅಪೂರ್ಣ ಎಂದು ತೋರಿಸಿದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಕಳಚಿರಬಹುದು. ಕಾರಣ ಕೇಳಿ. ಕೆಲವು ಕಾರುಗಳಲ್ಲಿ ಮಾಡ್ಯೂಲಿನೊಳಗೂ ಕಿಲೋಮೀಟರ್ ದಾಖಲಾಗಿರುತ್ತದೆ, ಮೀಟರಿನ ಜೊತೆ ತಾಳೆ ನೋಡಿ.

ಡಿಕ್ಕಿಯ ಕಾರ್ಪೆಟ್ ಎತ್ತಿ ತೇವ, ತುಕ್ಕು ಇದೆಯೇ ನೋಡಿ. ಬ್ಯಾಟರಿ, ಕಂಟ್ರೋಲ್ ಯೂನಿಟ್‌ಗಳು ಎಷ್ಟೋ ಕಾರುಗಳಲ್ಲಿ ಅಲ್ಲೇ ಇರುತ್ತವೆ. ಟೈರಿನ ವಯಸ್ಸನ್ನೂ ನೋಡಿ: ಅದರ ತಯಾರಿಕೆ ದಿನಾಂಕದ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು.

ಗೇರ್‌ಬಾಕ್ಸ್ ಆಯಿಲ್ 'ಲೈಫ್‌ಟೈಮ್', ಎಂದೂ ಬದಲಿಸಬೇಕಿಲ್ಲ ಎಂಬ ಮಾತನ್ನು ನಂಬಬೇಡಿ. ಲಕ್ಷ ಕಿಲೋಮೀಟರ್ ದಾಟಿದ ಕಾರಿಗೆ ಆಯಿಲ್ ಬದಲಿಸಿದ ಬಿಲ್ ತೋರಿಸಲು ಕೇಳಿ.