ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾಲಿಯ ಕಡ್ಡಿಯಲ್ಲಿ ಜೇನುಗೂಡು ಏಕೆ ಕಾಣುವುದಿಲ್ಲ?

ಪ್ರಶ್ನೆ: ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಬರೆದ ಕಾರ್ಕಿನ (ಬಾಟಲಿಯ ಬಿರಡೆ ಮಾಡುವ ತೊಗಟೆಯ) ಚಿತ್ರದಲ್ಲಿ ಜೀವಕೋಶಗಳು ಜೇನುಗೂಡಿನಂತೆ ಕಾಣುತ್ತವೆ. ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಬಳ್ಳಾರಿ ಜಾಲಿಯ ಕಡ್ಡಿಯನ್ನು ಅಡ್ಡ ಕೊಯ್ದು ನೋಡಿದರೆ ಆ ವಿನ್ಯಾಸ ಸಿಗುವುದಿಲ್ಲ. ಹುಕ್‌ನ ಚಿತ್ರ ಬರಿಯ ಕಲ್ಪನೆಯೇ?
– ವಿಜ್ಞಾನ ಶಿಕ್ಷಕಿ, ಸಿರುಗುಪ್ಪ

ಉತ್ತರ: ಕಲ್ಪನೆಯಲ್ಲ; ಆದರೆ ಒಂದೇ ನೋಟದಲ್ಲಿ ದಕ್ಕಿದ ಚಿತ್ರವೂ ಅಲ್ಲ. ಒಂದೇ ಮೇಲ್ಮೈ ಒಂದು ಬೆಳಕಿನಲ್ಲಿ ಉಬ್ಬಿದಂತೆಯೂ ಮತ್ತೊಂದು ಬೆಳಕಿನಲ್ಲಿ ತಗ್ಗಿದಂತೆಯೂ ತೋರುವುದರಿಂದ, ವಸ್ತುವನ್ನು ಹಲವು ಬೆಳಕುಗಳಲ್ಲಿ, ಹಲವು ಭಂಗಿಗಳಲ್ಲಿ ಪರೀಕ್ಷಿಸಿ ಅದರ ನಿಜರೂಪ ಮನದಟ್ಟಾಗುವ ಮುನ್ನ ತಾನು ಚಿತ್ರಿಸಲು ತೊಡಗುತ್ತಿರಲಿಲ್ಲವೆಂದು ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಚಿತ್ರಿಸಿದ ತನ್ನ 1665ರ ಗ್ರಂಥ ‘ಮೈಕ್ರೋಗ್ರಾಫಿಯಾ’ದ ಮುನ್ನುಡಿಯಲ್ಲಿ ಹೇಳಿದ್ದಾನೆ. ಕಾರ್ಕಿನ ವಿಷಯದಲ್ಲಿಯೂ ಹಾಗೆಯೇ ಆಯಿತು. ಕ್ಷೌರದ ಕತ್ತಿಯಷ್ಟು ಹರಿತವಾದ ಚಾಕುವಿನಿಂದ ಮೊದಲು ಅದರ ಮುಖವನ್ನು ನುಣುಪಾಗಿ ಕೊಯ್ದಾಗ ರಂಧ್ರಗಳು ಮಸುಕಾಗಿ ಕಂಡವು. ಆಮೇಲೆ ಅತಿ ತೆಳುವಾದ ಒಂದು ಪದರವನ್ನು ತೆಗೆದು, ಕಾರ್ಕ್ ಬಿಳಿಯಾದುದರಿಂದ ಅದನ್ನು ಕಪ್ಪು ತಟ್ಟೆಯ ಮೇಲಿಟ್ಟು, ದಪ್ಪ ಮಸೂರದ ಮೂಲಕ ಬೆಳಕನ್ನು ಹಾಯಿಸಿದಾಗ ಕೋಶಗಳು ಸ್ಪಷ್ಟವಾದವು. ಅವನು ಒಂದು ಅಂಗುಲದ 18ನೇ ಒಂದು ಭಾಗದಷ್ಟು ಉದ್ದದಲ್ಲಿ ಸುಮಾರು 60 ಕೋಶಗಳನ್ನು ಎಣಿಸಿದನು. ಆ ಗ್ರಂಥದ ಮೂಲ ಚಿತ್ರಫಲಕದಲ್ಲಿ ಕಾರ್ಕಿನ ಎರಡು ಸೀಳುಗಳು ಪಕ್ಕಪಕ್ಕದಲ್ಲಿವೆ: ಒಂದರಲ್ಲಿ ಸಾಲುಸಾಲು ಪೆಟ್ಟಿಗೆಗಳು, ಇನ್ನೊಂದರಲ್ಲಿ ದುಂಡನೆಯ ಕಣ್ಣುಗಳು. ಅವುಗಳ ಕೆಳಗೆ ನಾಚಿಕೆ ಮುಳ್ಳಿನ ರೆಂಬೆಯಿದೆ. ಆ ಗಿಡ ನಿಮ್ಮ ಬಳ್ಳಾರಿ ಜಾಲಿಯ ಬಳಗಕ್ಕೇ ಸೇರಿದ್ದು.

ನಿಮಗೆ ಜೇನುಗೂಡು ಸಿಗದಿರುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಕಾರ್ಕ್ ಎಂಬುದು ತೊಗಟೆ, ಅದರಲ್ಲಿ ಬಹುಪಾಲು ಒಂದೇ ಬಗೆಯ ಸತ್ತ ಕೋಶಗಳಿರುತ್ತವೆ. ನೀವು ಕೊಯ್ದದ್ದು ಕಟ್ಟಿಗೆ. ನೀರು ಸಾಗಿಸುವ ಅಗಲವಾದ ನಾಳಗಳು, ಅವುಗಳ ಸುತ್ತ ದಪ್ಪ ಗೋಡೆಯ ನಾರುಗಳು, ನಡುವಿನಿಂದ ತೊಗಟೆಯ ಕಡೆಗೆ ಚಾಚಿದ, ‘ಕಿರಣ’ಗಳೆಂಬ ಕೋಶಸಾಲುಗಳು, ಇವೆಲ್ಲ ಸೇರಿ ಅದು ರೂಪುಗೊಂಡಿದೆ. ಇದಕ್ಕೆ ಹೋಲಿಕೆ ಬೇಕಾದರೆ ಹುಕ್‌ನನ್ನು ಬಿಟ್ಟು, ಇಂಗ್ಲಿಷ್ ಸಸ್ಯವಿಜ್ಞಾನಿ ನೆಹೆಮಯಾ ಗ್ರೂ 1682ರಲ್ಲಿ ಪ್ರಕಟಿಸಿದ ಸಸ್ಯರಚನೆಯ ಗ್ರಂಥದ ಫಲಕಗಳನ್ನು ನೋಡಬೇಕು. ಆತ ಕೊಂಬೆಯಿಂದ ಬೆಣೆಯಾಕಾರದ ತುಂಡನ್ನು ತೆಗೆದಂತೆ ಚಿತ್ರಿಸಿ, ಮೇಲ್ಮುಖದಲ್ಲಿ ನಾಳಗಳ ಬಾಯಿಗಳನ್ನೂ ಪಕ್ಕದ ಮುಖಗಳಲ್ಲಿ ಅವೇ ನಾಳಗಳು ಉದ್ದಕ್ಕೆ ಇಳಿಯುವುದನ್ನೂ ಒಟ್ಟಿಗೆ ತೋರಿಸಿದನು. ಕಟ್ಟಿಗೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇಂದಿಗೂ ಇಲ್ಲವೆಂದು ನನ್ನ ಅಭಿಪ್ರಾಯ. ಮಕ್ಕಳಿಂದಲೂ ಎಳೆಯ ಕಡ್ಡಿಯ ಅಡ್ಡಸೀಳು, ನೀಳಸೀಳು ಎರಡನ್ನೂ ಬರೆಯಿಸಿರಿ. ಜಾಲಿ ಗಟ್ಟಿ ಮರವಾದ್ದರಿಂದ ಮುಳ್ಳು ತೆಗೆದ ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಹೊಸ ಬ್ಲೇಡಿನಿಂದ ನೀವೇ ಕೊಯ್ದು ಕೊಡುವುದು ಸುರಕ್ಷಿತ.

ಪ್ರಶ್ನೆ: ಆ ಕಾಲದ ಇಂಥ ಚಿತ್ರಗಳನ್ನೆಲ್ಲ ವಿಜ್ಞಾನಿಗಳೇ ಬರೆದರೇ?
– ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಎಲ್ಲರೂ ಅಲ್ಲ. ಹುಕ್‌ಗೆ ಚಿತ್ರಕಲೆ ಚೆನ್ನಾಗಿ ಒಲಿದಿತ್ತು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿದ್ದ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ ಮಾತ್ರ ತನಗೆ ಚಿತ್ರ ಬರೆಯಲು ಬಾರದೆಂದು ಕಲಾವಿದರನ್ನು ನೇಮಿಸಿಕೊಂಡು, ಅವರಿಗೆ ಮಸೂರದಲ್ಲಿ ತೋರಿಸಿ ಬರೆಯಿಸುತ್ತಿದ್ದನು. ಅವನು 1674ರಲ್ಲಿ ಪತ್ರದೊಡನೆ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಗೆ ಕಳುಹಿಸಿದ ಕಾರ್ಕ್ ಮುಂತಾದವುಗಳ ತೆಳು ಸೀಳುಗಳು 1981ರಲ್ಲಿ ಅಲ್ಲಿನ ಸಂಗ್ರಹದಲ್ಲಿಯೇ ಪತ್ತೆಯಾದವು. ಅವನ ಕೈ ಎಷ್ಟು ನಯವಾಗಿ ಕೊಯ್ಯುತ್ತಿತ್ತೆಂಬುದನ್ನು ಅವು ನೇರವಾಗಿ ತೋರಿಸುತ್ತವೆ.